ಮೋಟಾರುಗಾಡಿಯಲ್ಲಿ ವಿದ್ಯುಚ್ಛಕ್ತಿಯ ಭವಿಷ್ಯ

ವಿದ್ಯುಚ್ಛಕ್ತಿಯು ನಮ್ಮ ಸೀಮೆಗೆ ಹೊಸದಲ್ಲ. ಜೋಯಿಡಾ ತಾಲೂಕಿನಲ್ಲಿ ಕಾಳೀ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ಮುಳುಗಿತು. ಜನರು ಮನೆಮಾರುಗಳನ್ನು ತೊರೆದು ರಾಮನಗರ ಮೊದಲಾದೆಡೆ ನೆಲೆಸಿದರು. ಅಲ್ಲಿ ನಿಂತ ನೀರೇ ದಾಂಡೇಲಿಗೆ ಸಮೀಪದ ಅಂಬಿಕಾನಗರದ ಬಳಿಯಿರುವ ನಾಗಝರಿ ವಿದ್ಯುದಾಗಾರವನ್ನು ನಡೆಸುತ್ತಿದೆ. ಇಂತಹ ಶಕ್ತಿಯಿಂದ ದೀಪ ಬೆಳಗುವುದನ್ನೂ ಗಿರಣಿ ತಿರುಗುವುದನ್ನೂ ನಾವು ಬಲ್ಲೆವು. ಈಗ ಅದು ಮೋಟಾರುಗಾಡಿಯನ್ನೂ ಎಳೆಯತೊಡಗಿದೆ.

ಆದರೆ ತಂತಿಯಲ್ಲಿ ಬರುವುದು ದಿಕ್ಕು ಬದಲಿಸುತ್ತಿರುವ ಪರ್ಯಾಯ ಪ್ರವಾಹ; ಬ್ಯಾಟರಿಗೆ ಬೇಕಾದುದು ಏಕಮುಖ ಪ್ರವಾಹ. ಒಂದನ್ನು ಇನ್ನೊಂದಾಗಿ ಮಾರ್ಪಡಿಸಿ, ಬೇಕಾದಷ್ಟನ್ನೇ ಹರಿಯಬಿಡುವ ವಿದ್ಯೆಗೆ ಪವರ್ ಇಲೆಕ್ಟ್ರಾನಿಕ್ಸ್ ಎಂದು ಹೆಸರು.

ಹಳೆಯ ಗಾಡಿಗಳಲ್ಲಿ ಡೈನಮೋ ಇತ್ತು. ಇಂಜಿನು ನಿಧಾನವಾಗಿ ತಿರುಗುವಾಗ ಅದು ಸಾಕಷ್ಟು ವಿದ್ಯುತ್ತನ್ನು ಕೊಡುತ್ತಿರಲಿಲ್ಲ. 1960ರ ದಶಕದಲ್ಲಿ ಸಿಲಿಕಾನ್ ಡಯೋಡುಗಳ ನೆರವಿನಿಂದ ಆಲ್ಟರ್ನೇಟರು ಅದರ ಸ್ಥಾನಕ್ಕೆ ಬಂದಿತು. ಡಯೋಡು ಒಂದೇ ಕಡೆಗೆ ತೆರೆಯುವ ಕದದಂತೆ; ಪ್ರವಾಹವನ್ನು ಹಿಂದಿರುಗಲು ಬಿಡದು. ಟ್ರಾನ್ಸಿಸ್ಟರಾದರೋ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಕೆರೆಯ ತೂಬಿನಂತೆ. ವಿದ್ಯುತ್ ಕಾರಿನ ವೇಗವನ್ನು ಹತೋಟಿಯಲ್ಲಿಡುವುದು ಈ ತೂಬೇ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 3,000 ವಾಟ್ ಶಕ್ತಿಗೆ 12 ವೋಲ್ಟಿನಲ್ಲಿ 250 ಆಂಪಿಯರ್ ಹರಿಯಬೇಕು. 48 ವೋಲ್ಟಿನಲ್ಲಿ 62.5 ಆಂಪಿಯರ್ ಸಾಕು. ಪ್ರವಾಹವು ಕಾಲುಭಾಗಕ್ಕೆ ಇಳಿದರೆ ಅದೇ ತಂತಿಯಲ್ಲಿ ವ್ಯರ್ಥವಾಗುವ ಶಾಖವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಕಾರು 48 ವೋಲ್ಟಿನದೇ ಆಗಿತ್ತು. ಬ್ರೇಕು ಹಾಕಿದಾಗ ಅದರ ಮೋಟಾರು ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಮರಳಿಸುತ್ತಿತ್ತು. ಇಂದಿನ ದೊಡ್ಡ ಕಾರುಗಳಲ್ಲಿ 400 ವೋಲ್ಟು, ಕೆಲವದರಲ್ಲಿ 800 ವೋಲ್ಟು ಇರುತ್ತದೆ. ಸಿಲಿಕಾನಿಗೆ ಬದಲಾಗಿ ಸಿಲಿಕಾನ್ ಕಾರ್ಬೈಡನ್ನು ಬಳಸಿದ ಸ್ವಿಚ್ಚುಗಳು ಹೆಚ್ಚು ಕಾವನ್ನು ತಾಳುತ್ತವೆ, ಕಡಿಮೆ ಶಕ್ತಿಯನ್ನು ನುಂಗುತ್ತವೆ. ಮುಂದಿನ ಹಾದಿ ಇದೇ ಎನ್ನಬಹುದು.

ಆದರೆ ಈ ಪ್ರಗತಿಯಲ್ಲಿ ನಮ್ಮ ಪಾಲೇನು? ಹಳಿಯಾಳ, ಮುಂಡಗೋಡಗಳಂತಹ ಊರುಗಳ ಮಿಸ್ತ್ರಿಗಳು ಸದ್ದು ಕೇಳಿಯೇ ಇಂಜಿನಿನ ದೋಷವನ್ನು ಹೇಳಬಲ್ಲರು. ಆ ಜಾಣ್ಮೆಯು ಕೈಯಿಂದ ಕೈಗೆ ಬಂದುದು. ವಿದ್ಯುತ್ ಗಾಡಿಯಲ್ಲಿ ಸದ್ದಿಲ್ಲ, ಮುಚ್ಚಿದ ಪೆಟ್ಟಿಗೆಯುಂಟು. ಅರಿಯದೆ ಕೈಯಿಟ್ಟರೆ 400 ವೋಲ್ಟು ಪ್ರಾಣವನ್ನೇ ತೆಗೆದೀತು. ಕೈಯಿಡದಿದ್ದರೆ ಅವರ ಕಸುಬೇ ಹೋದೀತು.

ಆದುದರಿಂದ ಈ ವಿದ್ಯೆಯು ತಿಳಿಗನ್ನಡದಲ್ಲಿ, ಚಿತ್ರಸಹಿತವಾಗಿ, ನಮ್ಮ ತಾಲೂಕುಗಳ ತರಬೇತಿ ಕೇಂದ್ರಗಳಿಗೆ ಬರಬೇಕು. ವಿಜ್ಞಾನವನ್ನು ಓದಿದವರು ವಿಷಯವನ್ನು ಒದಗಿಸಲಿ; ನಮ್ಮಂತಹ ಕಲಾ ವಿದ್ಯಾರ್ಥಿಗಳು ಭಾಷೆಯನ್ನು ಒದಗಿಸೋಣ. ವಿದ್ಯುತ್ತಿಗಾಗಿ ಊರನ್ನೇ ಬಿಟ್ಟುಕೊಟ್ಟ ನಾಡಿನ ಮಕ್ಕಳಿಗೆ ಆ ವಿದ್ಯುತ್ತಿನ ವಿದ್ಯೆಯೂ ದೊರೆಯುವುದು ನ್ಯಾಯವಲ್ಲವೇ?