ಊರಿನ ಪ್ರಶ್ನೆಯನ್ನೇ ಇಲಿಗೆ ಕೇಳು

ಪ್ರೀತಿಯ ಮಗಳೇ,

ಶಂಕರಘಟ್ಟದಲ್ಲಿ ಪಿಎಚ್‌ಡಿಗೆ ಸೇರಿಕೊಂಡೆ, ಶಿಕಾರಿಪುರ ಸೊರಬದ ಕಡೆ ಕಾಮಾಲೆಗೆ ಕೊಡುವ ನಾಟಿ ಮದ್ದುಗಳನ್ನು ಪರೀಕ್ಷೆ ಮಾಡುತ್ತೇನೆ ಎಂದು ಬರೆದಿದ್ದೀಯ. ಸಂತೋಷವಾಯಿತು. ಉತ್ತರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹಾಗೆ ಗಿಡದ ಚೀಲ ಹೊತ್ತು ಲ್ಯಾಬಿನ ಬಾಗಿಲು ತಟ್ಟುವ ಹುಡುಗ ಹುಡುಗಿಯರು ಪ್ರತಿ ವರ್ಷ ಬರುತ್ತಾರೆ, ಅವರೂ ಓದಿಕೊಳ್ಳಲಿ.

ನಮ್ಮ ಸೀಮೆಗೆ ಈ ಕೆಲಸ ಹೊಸದಲ್ಲ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವನ್ನು ಒಮ್ಮೆ ಓದು. ವೇದ, ವ್ಯಾಕರಣ, ತರ್ಕ ಕಲಿಸುವ ಜಾಗ, ಹಸಿದವರಿಗೆ ಅನ್ನ ಹಾಕುವ ಜಾಗ ಎಂದೆಲ್ಲ ಹೇಳುತ್ತ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಜಾಗವೂ ಹೌದು ಎಂದು ಆ ಮಠವನ್ನು ವರ್ಣಿಸುತ್ತದೆ. ತರ್ಕವೂ ಮದ್ದೂ ಒಂದೇ ಸೂರಿನಡಿ ಇದ್ದವು. ಈಗ ಎರಡೂ ದೂರ ದೂರ. ಮದ್ದು ಹಳ್ಳಿಯಲ್ಲಿ ಉಳಿಯಿತು, ತರ್ಕ ಲ್ಯಾಬಿಗೆ ಹೋಯಿತು, ಅಲ್ಲಿ ಹೋಗಿ ಬೇರೆಯದೇ ಪ್ರಶ್ನೆ ಕೇಳತೊಡಗಿತು. ನನಗಿರುವ ತಕರಾರು ಅದೇ.

ಊರಿನವರು ಕೇಳುವುದು ಇಷ್ಟು: ಹುಡುಗನ ಕಣ್ಣು ಹಳದಿಯಾಗಿದೆ, ಅನ್ನ ಸೇರುತ್ತಿಲ್ಲ, ಈ ಮದ್ದಿನಿಂದ ವಾಸಿಯಾಗುತ್ತದೆಯೇ? ಲ್ಯಾಬಿನವರು ಕೇಳುವುದು: ಇಲಿಗೆ ಮೊದಲು ಸಾರ ಕುಡಿಸಿ, ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಟ್ಟರೆ ರಕ್ತದಲ್ಲಿ ಎಸ್‌ಜಿಪಿಟಿ ಎಂಬ ಯಕೃತ್ತಿನ ಕಿಣ್ವ ಎಷ್ಟು ಕಡಿಮೆ ಏರುತ್ತದೆ? ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡ. ನಾಟಿ ವೈದ್ಯರ ಹತ್ತಿರ ಯಾರೂ ಕಾಮಾಲೆ ಬರುವ ಮುಂಚೆ ಹೋಗುವುದಿಲ್ಲ. ಬಂದ ಮೇಲೆ ಗುಣಪಡಿಸುವುದು ಒಂದು ಮಾತು, ಬಾರದಂತೆ ತಡೆಯುವುದು ಇನ್ನೊಂದು. ನಿನ್ನ ಪ್ರಯೋಗದಲ್ಲಿ ವಿಷ ಕೊಟ್ಟ ಮೇಲೆ ಮದ್ದು ಕುಡಿಸುವ ಒಂದು ಗುಂಪಾದರೂ ಇರಲಿ. ಬಹುಪಾಲು ಪ್ರಬಂಧಗಳಲ್ಲಿ ಅದು ಇರುವುದಿಲ್ಲ.

ಲ್ಯಾಬಿನವರು ಮಾಡುವ ಇನ್ನೊಂದು ಪರೀಕ್ಷೆ ಡಿಪಿಪಿಎಚ್, ಅದಕ್ಕೆ ಒಂದು ಮಧ್ಯಾಹ್ನ ಸಾಕು. ನೇರಳೆ ಬಣ್ಣದ ದ್ರಾವಣಕ್ಕೆ ಸಾರ ಹಾಕಿ, ಅರ್ಧ ಗಂಟೆ ಕತ್ತಲಲ್ಲಿಟ್ಟು, 517 ನ್ಯಾನೊಮೀಟರಿನಲ್ಲಿ ಓದುವುದು. ಹಳದಿಗೆ ತಿರುಗಿದಷ್ಟೂ ಆಂಟಿಆಕ್ಸಿಡೆಂಟ್ ಶಕ್ತಿ ಜಾಸ್ತಿ. ಆದರೆ ಡಿಪಿಪಿಎಚ್ ಎಂಬ ವಸ್ತು ಯಾವ ಮನುಷ್ಯನ ಮೈಯಲ್ಲೂ ಇಲ್ಲ. ಒಗರು ಇರುವ ಯಾವ ತೊಗಟೆಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ನೀನು ಬೆಳಿಗ್ಗೆ ಕುಡಿದ ಚಹಾ ಕೂಡ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಗಳ ದೊಡ್ಡ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿವೆ, ಅಂಕಕ್ಕೂ ಆರೋಗ್ಯಕ್ಕೂ ಸಂಬಂಧ ತೋರುತ್ತಿಲ್ಲ ಎಂದು 2012ರಲ್ಲಿ ತೆಗೆದುಹಾಕಿತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟೀನ್ ಎಂಬ ಆಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಿತು. ಹಾಗಾಗಿ ಡಿಪಿಪಿಎಚ್ ಸಂಖ್ಯೆಯನ್ನು ಪ್ರಬಂಧದಲ್ಲಿ ಬರೆ, ತಲೆಬರಹಕ್ಕೆ ಏರಿಸಬೇಡ.

ಇನ್ನು ಕಾರ್ಬನ್ ಟೆಟ್ರಾಕ್ಲೋರೈಡ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದು. ಆ ವಿಷ ಹೊಟ್ಟೆಗೆ ಹೋದ ರೂಪದಲ್ಲೇ ಯಕೃತ್ತನ್ನು ಸುಡುವುದಿಲ್ಲ. ಯಕೃತ್ತಿನ ಸೈಟೊಕ್ರೋಮ್ ಪಿ450 ಕಿಣ್ವಗಳು ಅದನ್ನು ಒಡೆದು ಟ್ರೈಕ್ಲೋರೊಮೀಥೈಲ್ ಎಂಬ ಫ್ರೀ ರ್ಯಾಡಿಕಲ್ ಮಾಡುತ್ತವೆ. ಅದು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತದೆ, ಕೋಶ ಒಡೆದು ಒಳಗಿನ ಎಸ್‌ಜಿಪಿಟಿ, ಎಸ್‌ಜಿಓಟಿ ರಕ್ತಕ್ಕೆ ಸೋರುತ್ತವೆ. ಈಗ ಯೋಚಿಸು. ನಿನ್ನ ಸಾರ ಆ ರ್ಯಾಡಿಕಲ್ಲನ್ನು ಹಿಡಿದು ನಿಲ್ಲಿಸಿದರೂ ಎಸ್‌ಜಿಪಿಟಿ ಏರುವುದಿಲ್ಲ. ಪಿ450 ಕಿಣ್ವವನ್ನೇ ಕಟ್ಟಿಹಾಕಿದರೂ ಏರುವುದಿಲ್ಲ, ಯಾಕೆಂದರೆ ಆಗ ವಿಷವೇ ತಯಾರಾಗಲಿಲ್ಲ. ಎರಡನೆಯದು ಕಾಮಾಲೆ ರೋಗಿಗೆ ಏನೂ ಉಪಕಾರ ಮಾಡುವುದಿಲ್ಲ. ಅವನು ನುಂಗುವ ಬೇರೆ ಮಾತ್ರೆಗಳ ಲೆಕ್ಕ ತಪ್ಪಿಸಿ ತೊಂದರೆಯನ್ನೂ ಕೊಡಬಹುದು. ಪ್ಯಾರಾಸಿಟಮಾಲ್ ಅತಿ ಪ್ರಮಾಣದಲ್ಲಿ ಕೊಟ್ಟು ಮಾಡುವ ಪ್ರಯೋಗಕ್ಕೂ ಇದೇ ಗತಿ, ಅದೂ ಅದೇ ಕಿಣ್ವಗಳ ಮೂಲಕವೇ ವಿಷವಾಗುತ್ತದೆ. ಆದ್ದರಿಂದ ಗ್ಯಾಲಕ್ಟೋಸಮೈನಿನಂತಹ, ಪಿ450ರ ಹಂಗಿಲ್ಲದ ಒಂದು ವಿಷದಲ್ಲೂ ನೋಡು. ಮೂರರಲ್ಲೂ ಯಕೃತ್ತು ಉಳಿದರೆ ಆಗ ಮಾತಾಡೋಣ.

ನೀನು ಸೇರಿರುವ ವಿಶ್ವವಿದ್ಯಾಲಯದವರೇ 2005ರಲ್ಲಿ ಹೊನ್ನೆ ಮರದ ತೊಗಟೆಯ ಮೇಲೆ ಮಾಡಿದ ಕೆಲಸ ‘ಇಂಡಿಯನ್ ಜರ್ನಲ್ ಆಫ್ ಫಾರ್ಮಕಾಲಜಿ’ಯಲ್ಲಿದೆ, ತೆಗೆದು ಓದು. ನೀರಿನ ಸಾರ, ಮೆಥನಾಲ್ ಸಾರ ಎರಡನ್ನೂ ಇಲಿಗಳಿಗೆ ಕೊಟ್ಟು ಕಾರ್ಬನ್ ಟೆಟ್ರಾಕ್ಲೋರೈಡಿನ ಎದುರು ಪರೀಕ್ಷಿಸಿದರು, ಮೆಥನಾಲ್ ಸಾರದಲ್ಲಿ ಗುಣ ಕಂಡಿತು. ಎರಡನ್ನೂ ಇಟ್ಟದ್ದು ಒಳ್ಳೆಯ ಪದ್ಧತಿ. ನಮ್ಮ ಹಳ್ಳಿಗಳಲ್ಲಿ ಯಾರೂ ಮೆಥನಾಲ್ ಕುಡಿಯುವುದಿಲ್ಲ, ಕುಡಿದರೆ ಕಣ್ಣು ಹೋಗುತ್ತದೆ. ವೈದ್ಯರು ಕೊಡುವುದು ಹಸಿ ಸೊಪ್ಪಿನ ರಸ, ಮಜ್ಜಿಗೆಯಲ್ಲೋ ಹಾಲಿನಲ್ಲೋ ಅರೆದ ಉಂಡೆ. ಮಜ್ಜಿಗೆಯಲ್ಲಿ ಅರೆದದ್ದನ್ನು ಮಜ್ಜಿಗೆಯಲ್ಲೇ ಅರೆದು ಪರೀಕ್ಷೆ ಮಾಡು. ಮಜ್ಜಿಗೆ ಮಾತ್ರ ಕುಡಿದ ಇಲಿಗಳ ಗುಂಪೂ ಒಂದಿರಲಿ.

ಹೋಲಿಕೆಗೆ ಎಲ್ಲರೂ ಬಳಸುವುದು ಸಿಲಿಮರಿನ್. ಯುರೋಪಿನ ಒಂದು ಮುಳ್ಳುಗಿಡದ ಬೀಜದಿಂದ ತೆಗೆದದ್ದು. ಇಲಿಗಳಲ್ಲಿ ಅದು ರಾಜ. ಆದರೆ ಹೆಪಟೈಟಿಸ್ ಸಿ ರೋಗಿಗಳಿಗೆ ಹೆಚ್ಚಿನ ಪ್ರಮಾಣದಲ್ಲೇ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಹುಸಿ ಮಾತ್ರೆ ನುಂಗಿದವರಿಗೂ ಸಿಲಿಮರಿನ್ ನುಂಗಿದವರಿಗೂ ವ್ಯತ್ಯಾಸವೇ ಬರಲಿಲ್ಲ. ಅಳತೆಗೋಲೇ ಮನುಷ್ಯರಲ್ಲಿ ಸೋತಿರುವಾಗ ‘ಸಿಲಿಮರಿನ್‌ಗೆ ಸಮಾನ’ ಎಂಬ ವಾಕ್ಯ ಬರೆಯುವ ಮುಂಚೆ ಪೆನ್ನು ಸ್ವಲ್ಪ ತಡೆಯಲಿ.

ನೆಲನೆಲ್ಲಿಯ ಕಥೆ ಇದಕ್ಕಿಂತ ಸ್ವಾರಸ್ಯ. ಹೆಪಟೈಟಿಸ್ ಬಿ ವೈರಸ್ಸಿನ ಕೆಲಸಕ್ಕೆ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಮದ್ರಾಸಿನ ತ್ಯಾಗರಾಜನ್ ಅವರ ತಂಡದ ಜೊತೆ ಸೇರಿದರು. ವೈರಸ್ ಹೊತ್ತವರಿಗೆ ಮೂವತ್ತು ದಿನ ನೆಲನೆಲ್ಲಿ ಪುಡಿ ಕೊಟ್ಟು 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು: ಮದ್ದು ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು, ಹುಸಿ ಮಾತ್ರೆಯವರು 23ರಲ್ಲಿ ಒಬ್ಬರಷ್ಟೇ. ಜಗತ್ತೇ ತಿರುಗಿ ನೋಡಿತು. ಆಮೇಲೆ ಥಾಯ್ಲೆಂಡ್ ಮುಂತಾದ ಕಡೆ ಮಾಡಿ ನೋಡಿದವರಿಗೆ ಅದೇ ಫಲ ಸಿಗಲಿಲ್ಲ. ಯಾಕೆ ಎಂಬ ಚರ್ಚೆಯಲ್ಲಿ ಗಿಡದ ಜಾತಿ, ಕಿತ್ತ ಕಾಲ, ಬೆಳೆದ ಜಾಗ ಎಲ್ಲ ಬಂದವು. ನಾವು ನೆಲನೆಲ್ಲಿ ಎನ್ನುವುದಕ್ಕೆ ಫಿಲಾಂತಸ್ ನಿರುರಿ ಎಂದು ಪುಸ್ತಕಗಳಲ್ಲಿ ಬಹುಕಾಲ ಬರೆದರು, ನಿಜಕ್ಕೂ ಅದು ಫಿಲಾಂತಸ್ ಅಮರಸ್. 2010ರಲ್ಲಿ ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ ಅಂಗಡಿಗಳಿಂದ ಒಣ ನೆಲನೆಲ್ಲಿ ತಂದು ಡಿಎನ್‌ಎ ಪರೀಕ್ಷೆ ಮಾಡಿದಾಗ ಸುಮಾರು ಮುಕ್ಕಾಲು ಪಾಲು ಮಾದರಿಗಳಷ್ಟೇ ಅಮರಸ್ ಆಗಿದ್ದವು, ಉಳಿದವು ಬೇರೆ ಐದು ಜಾತಿಗಳು.

ಅದಕ್ಕೇ ಹೇಳುತ್ತೇನೆ, ಗಿಡವನ್ನು ಗ್ರಂಧಿಗೆ ಅಂಗಡಿಯಿಂದ ತರಬೇಡ. ಮಳೆಗಾಲದಲ್ಲಿ ತೋಟದ ಬದಿಗೆ ಹೋಗಿ, ವೈದ್ಯರ ಎದುರಿಗೇ ಕಿತ್ತು, ಹೂ ಕಾಯಿ ಸಮೇತ ಹರ್ಬೇರಿಯಂ ಹಾಳೆ ಮಾಡಿ ಇಲಾಖೆಯಲ್ಲಿ ಇಡು. ಶಿಕಾರಿಪುರದ ಪೂರ್ವದ ಒಣ ಕಾಡಿಗೂ ಸೊರಬದ ನಿತ್ಯಹಸಿರು ಕಾನಿಗೂ ಎಷ್ಟು ವ್ಯತ್ಯಾಸ ಎಂದು ನಿನಗೆ ಹೇಳಬೇಕಾಗಿಲ್ಲ. ಸೊರಬದ ಕಾನುಗಳ ಮೇಲೆ ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು. ಅಂಥ ಕಾನುಗಳಲ್ಲಿ ಎಷ್ಟೋ ಕಡೆ ಈಗ ಶುಂಠಿ ಪಟ್ಟೆ ನಿಂತಿದೆ. ತೊಗಟೆ ಬೇಕೆಂದು ಮರದ ಸುತ್ತ ಸುಲಿದು ಬರಬೇಡ.

ಪ್ರಮಾಣದ ಲೆಕ್ಕವನ್ನೂ ಮಾಡು, ಯಾರೂ ಮಾಡುವುದಿಲ್ಲ. ಇಲಿಗೆ ಕೆ.ಜಿ.ಗೆ 400 ಮಿ.ಗ್ರಾಂ ಕೊಟ್ಟೆ ಎಂದಿಟ್ಟುಕೋ. ಮನುಷ್ಯನಿಗೆ ಹೊಂದಿಸುವಾಗ ಸುಮಾರು 6.2ರಿಂದ ಭಾಗಿಸುತ್ತಾರೆ. 60 ಕೆ.ಜಿ. ತೂಕದವನಿಗೆ ದಿನಕ್ಕೆ ನಾಲ್ಕು ಗ್ರಾಂ ಹತ್ತಿರ ಸಾರ. ನೂರು ಗ್ರಾಂ ಒಣ ಎಲೆಗೆ ಎಂಟು ಗ್ರಾಂ ಸಾರ ಇಳಿದರೆ, ದಿನಕ್ಕೆ ಐವತ್ತು ಗ್ರಾಂ ಒಣ ಎಲೆ ಬೇಕು. ವೈದ್ಯರು ಕೊಡುವುದು ಅಡಿಕೆ ಗಾತ್ರದ ಉಂಡೆಯಾದರೆ ನಿನ್ನ ಪ್ರಯೋಗ ಅವರ ಮದ್ದಿನದ್ದಲ್ಲ, ಬೇರೆ ಯಾವುದೋ ಮದ್ದಿನದು. ಇನ್ನೊಂದು, ಯಕೃತ್ತಿನ ಸ್ಲೈಡು ನೋಡುವವರಿಗೆ ಯಾವುದು ಯಾವ ಗುಂಪಿನದೆಂದು ಹೇಳಬೇಡ. ಗುಣ ಕಾಣದಿದ್ದರೆ ಅದನ್ನೂ ಪ್ರಕಟಿಸು. ಮೂವತ್ತಾರು ಇಲಿ ಸತ್ತ ಮೇಲೆ ಫಲಿತಾಂಶ ಡ್ರಾಯರಿನಲ್ಲಿ ಕೊಳೆಯುವುದು ಸರಿಯಲ್ಲ.

ವೈದ್ಯರ ಒಪ್ಪಿಗೆ ಇಲ್ಲದೆ ಮದ್ದಿನ ಗುಟ್ಟು ಬರೆಯಬೇಡ. ಕೇರಳದಲ್ಲಿ ಕಾಣಿ ಬುಡಕಟ್ಟಿನವರು ತೋರಿಸಿದ ಆರೋಗ್ಯಪಚ್ಚದಿಂದ ‘ಜೀವನಿ’ ಎಂಬ ಔಷಧ ಬಂದಾಗ, ಪಾಲೋಡಿನ ಸಸ್ಯೋದ್ಯಾನದವರು ಬಂದ ಹಣದಲ್ಲಿ ಅರ್ಧವನ್ನು ಕಾಣಿಗಳಿಗೆ ಎಂದು ಇಟ್ಟರು. ಅದರಲ್ಲೂ ಜಗಳ, ಅಸಮಾಧಾನ ಇದ್ದವು, ಆದರೂ ಕೇಳದೆ ತೆಗೆದುಕೊಳ್ಳುವುದಕ್ಕಿಂತ ಮೇಲು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲೆ ಇರಬೇಕು, ಕೇಳಿ ನೋಡು.

ಕೊನೆಗೆ ಒಂದು ಮಾತು. ಲ್ಯಾಬಿಗೆ ಸೇರಿದ ದಿನದಿಂದಲೇ ಊರವರು ನಿನ್ನನ್ನು ಕೇಳುತ್ತಾರೆ, ‘ಅಕ್ಕಾ, ಈ ಮದ್ದು ಕುಡಿಸಬಹುದಾ?’ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾನೇ ಇಳಿಯುತ್ತವೆ, ಪಥ್ಯದ ಗಂಜಿ ಕುಡಿದರೂ ಕುಡಿಯದಿದ್ದರೂ. ಆ ಪುಣ್ಯ ಎಷ್ಟೋ ಸಲ ಮದ್ದಿಗೆ ಸಂದಿದೆ. ಆದರೆ ಬಿ, ಸಿ, ಇಲಿ ಜ್ವರ, ಪಿತ್ತನಾಳದ ಕಲ್ಲು ಹಾಗಲ್ಲ. ಗರ್ಭಿಣಿಗೆ ಇ ಬಂದರೆ ಜೀವಕ್ಕೇ ಅಪಾಯ. ಗಿಡದ್ದು ಎಂದ ಮಾತ್ರಕ್ಕೆ ಯಕೃತ್ತಿಗೆ ಹಿತ ಎಂದೂ ಇಲ್ಲ: 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಯಕೃತ್ತು ಕೆಟ್ಟದ್ದನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಅದು ಬೇರೆ ಜಾತಿಯ ಬಳ್ಳಿ ಇರಬಹುದು ಎಂದು ಆಕ್ಷೇಪಿಸಿತು. ಆದ್ದರಿಂದ ಕೇಳಿದವರಿಗೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಲಿರುಬಿನ್, ಎಸ್‌ಜಿಪಿಟಿ, ಹೆಪಟೈಟಿಸ್ ಪರೀಕ್ಷೆ ಮಾಡಿಸಿ ಎನ್ನು. ರೋಗಿಗೆ ಮಂಪರು ಬಂದರೆ, ಮಾತು ತಡವರಿಸಿದರೆ, ರಕ್ತ ವಾಂತಿಯಾದರೆ ಮದ್ದಿನ ಮಾತೇ ಬೇಡ, ಶಿವಮೊಗ್ಗಕ್ಕೆ ಗಾಡಿ ಹತ್ತಿಸು. ನಾಟಿ ವೈದ್ಯರ ಹತ್ತಿರವೂ ಇದನ್ನೇ ಹೇಳಿ ನೋಡು. ರಕ್ತ ಪರೀಕ್ಷೆಯ ಚೀಟಿ ನೋಡಿ ಮದ್ದು ಕೊಡುವವರೂ ಈಗ ಇದ್ದಾರೆ. ಅವರು ಒಪ್ಪಿದರೆ ಮದ್ದಿನ ಮುಂಚೆ ಒಂದು, ಆಮೇಲೆ ಒಂದು ಚೀಟಿಯ ನಕಲು ಇಟ್ಟುಕೊಳ್ಳಲು ಹೇಳು. ಇಲಿಗಳ ಕೆಲಸ ಶುರುವಾಗುವ ಮುಂಚೆ ಆ ಚೀಟಿಗಳ ಕಟ್ಟನ್ನು ಓದು.

ಇಂತಿ,
ನಿನ್ನ ಹಿರಿಯ