ರೈಡಿಂಗ್ ಲಾನ್ ಮೋವರ್: ಖರೀದಿಯ ನಂತರದ ಲೆಕ್ಕ

ದೊಡ್ಡ ಕಾರ್ಖಾನೆಗಳು, ವಸತಿ ಕಾಲೇಜುಗಳು, ರೆಸಾರ್ಟುಗಳು ತಮ್ಮ ಆವರಣದ ಹುಲ್ಲುಹಾಸಿನ ನಿರ್ವಹಣೆಗಾಗಿ ಚಾಲಕನು ಮೇಲೆ ಕುಳಿತು ನಡೆಸುವ ರೈಡಿಂಗ್ ಲಾನ್ ಮೋವರ್‌ಗಳನ್ನು ಕೊಳ್ಳುತ್ತವೆ. ಖರೀದಿಯ ವೇಳೆ ಚರ್ಚೆಗೆ ಬರುವುದು ಬೆಲೆ, ಅಶ್ವಶಕ್ತಿ ಮತ್ತು ಕತ್ತರಿಸುವ ಅಗಲ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಚರ್ಚೆಯ ವಿಷಯವೇ ಬದಲಾಗುತ್ತದೆ. ಎಂಜಿನ್ ಸುಸ್ಥಿತಿಯಲ್ಲಿದ್ದರೂ ಒಂದು ಬೆಲ್ಟು ಅಥವಾ ಒಂದು ಸ್ಪಿಂಡಲ್ ದೊರೆಯದ ಕಾರಣಕ್ಕೆ ಯಂತ್ರವು ಟಾರ್ಪಾಲಿನ್ ಹೊದ್ದು ಶೆಡ್ಡಿನ ಮೂಲೆ ಸೇರುತ್ತದೆ. ಈ ಯಂತ್ರದ ನಿಜವಾದ ಬೆಲೆಯನ್ನು ನಿರ್ಧರಿಸುವುದು ಬಿಡಿಭಾಗಗಳ ಲಭ್ಯತೆಯೇ ಆಗಿರುವುದರಿಂದ, ಕೊಳ್ಳುವವರೂ ಮಾರುವವರೂ ಈ ವಿಷಯವನ್ನು ಮೊದಲೇ ಅರಿತಿರುವುದು ಒಳಿತು.

ರೈಡಿಂಗ್ ಮೋವರ್‌ಗಳ ಮುಖ್ಯ ಮಾರುಕಟ್ಟೆ ಅಮೆರಿಕ ಮತ್ತು ಯುರೋಪು. ಅಲ್ಲಿ ಬೇಸಿಗೆಯಲ್ಲಿ ಹುಲ್ಲು ಬೆಳೆಯುತ್ತದೆ, ಚಳಿಗಾಲದಲ್ಲಿ ಯಂತ್ರ ವಿಶ್ರಮಿಸುತ್ತದೆ. ಕೈಪಿಡಿಯಲ್ಲಿರುವ ನಿರ್ವಹಣಾ ಪಂಚಾಂಗವೂ ಆ ಹವಾಮಾನಕ್ಕೇ ಹೊಂದಿಕೊಂಡದ್ದು. ಕರ್ನಾಟಕದಲ್ಲಿ, ನೀರು ಹಾಯಿಸುವ ಹುಲ್ಲುಹಾಸುಗಳನ್ನು ಬಿಟ್ಟರೆ, ಕ್ರಮ ತಿರುವುಮುರುವು: ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಡುವಿಲ್ಲದ ಕೆಲಸ, ಫೆಬ್ರವರಿಯಿಂದ ಮೇವರೆಗೆ ವಿರಾಮ. ಅರ್ಥಾತ್ ಯಂತ್ರವು ಒದ್ದೆ ಹುಲ್ಲಿನಲ್ಲಿ ದುಡಿಯುತ್ತದೆ, ಸುಡು ಬಿಸಿಲಿನ ಶೆಡ್ಡಿನಲ್ಲಿ ನಿಲ್ಲುತ್ತದೆ. ಒದ್ದೆ ಹುಲ್ಲು ಬ್ಲೇಡುಗಳನ್ನು ಮುಚ್ಚಿರುವ ಉಕ್ಕಿನ ಡೆಕ್ಕಿನ ಒಳಮೈಗೆ ಗಂಟುಗಟ್ಟಿ ಅಂಟಿಕೊಂಡು ತುಕ್ಕಿಗೆ ಕಾರಣವಾಗುತ್ತದೆ. ಅದನ್ನು ಪ್ರತಿದಿನ ಕೆರೆದು ತೆಗೆಯಬೇಕು. ವಾಹನ ತೊಳೆಯುವ ಒತ್ತಡದ ನೀರನ್ನು ಮಾತ್ರ ಹಾಯಿಸಬಾರದು. ಆ ನೀರು ಸೀಲನ್ನು ದಾಟಿ ಬೇರಿಂಗಿನೊಳಗೆ ಸೇರುತ್ತದೆ.

ಪೆಟ್ರೋಲಿನ ಪ್ರಶ್ನೆ

2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿಯವರು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ನೀಡಿದರು. 2025ರ ವೇಳೆಗೆ ದೇಶದ ಬಹುತೇಕ ಬಂಕುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲಾಯಿತು. ಕಬ್ಬು ಬೆಳೆಯುವ ರಾಜ್ಯಕ್ಕೆ ಇದು ಹಿತಕರವೇ ಸರಿ. ಆದರೆ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಸಣ್ಣ ಎಂಜಿನುಗಳ ಕೈಪಿಡಿಗಳು ಸಾಮಾನ್ಯವಾಗಿ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಇರುವ ಇಂಧನವನ್ನು ಬಳಸಬಾರದೆಂದೇ ಹೇಳುತ್ತವೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಮತ್ತು ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಕಾರ್ಬೊರೇಟರಿನ ಸಣ್ಣ ಜೆಟ್ಟುಗಳು ಕಟ್ಟಿಕೊಳ್ಳುತ್ತವೆ, ಹೊಂದಿಕೆಯಾಗದ ರಬ್ಬರಿನ ಕೊಳವೆಗಳು ಉಬ್ಬುತ್ತವೆ. ವಾರಂಟಿ ಕೋರಿಕೆಯನ್ನು ನಿರಾಕರಿಸಲು ಮಾರಾಟಗಾರನಿಗೆ ಕೈಪಿಡಿಯ ಆ ಒಂದು ಸಾಲು ಸಾಕು. ಆದ್ದರಿಂದ ಇಂಧನಕ್ಕೆ ಸಂಬಂಧಿಸಿದ ಒಪ್ಪಿಗೆಯನ್ನು ಖರೀದಿಗೆ ಮೊದಲು ಲಿಖಿತವಾಗಿ ಪಡೆಯಬೇಕು. ಫೆಬ್ರವರಿಯಲ್ಲಿ ಯಂತ್ರವನ್ನು ನಿಲ್ಲಿಸುವಾಗ ಟ್ಯಾಂಕನ್ನು ಬರಿದುಮಾಡಿ, ಕಾರ್ಬೊರೇಟರಿನಲ್ಲಿ ಉಳಿದ ಇಂಧನ ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನನ್ನು ಓಡಿಸಬೇಕು. ಡೀಸೆಲ್ ಮಾದರಿಗಳ ಬೆಲೆ ಹೆಚ್ಚು. ಆದರೂ ವರ್ಷದಲ್ಲಿ ನೂರಾರು ಗಂಟೆ ದುಡಿಸುವ ಸಂಸ್ಥೆಗಳು ಅವನ್ನು ಪರಿಶೀಲಿಸುವುದು ಸೂಕ್ತ.

ಯಂತ್ರ ಚಾಲೂ ಆಗದಿದ್ದಾಗ ಮೆಕ್ಯಾನಿಕ್ಕುಗಳು ಮೊದಲು ಎಂಜಿನನ್ನೇ ಬಿಚ್ಚುವ ರೂಢಿಯಿದೆ. ಅದಕ್ಕೆ ಮುನ್ನ ಬ್ಯಾಟರಿಯನ್ನೂ ಸ್ವಿಚ್ಚುಗಳನ್ನೂ ನೋಡಬೇಕು. ಪೂರ್ಣ ಚಾರ್ಜಾದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಕೀಲಿ ತಿರುಗಿಸಿದಾಗ ಟಕ್ ಎಂಬ ಸದ್ದಷ್ಟೇ ಬಂದರೆ ದೋಷವು ಬ್ಯಾಟರಿ, ಅದರ ತುಕ್ಕುಹಿಡಿದ ಟರ್ಮಿನಲ್ ಅಥವಾ ಸೊಲೆನಾಯ್ಡಿನಲ್ಲಿರುವ ಸಂಭವ ಹೆಚ್ಚು. ಸದ್ದೇ ಬಾರದಿದ್ದರೆ ಫ್ಯೂಸನ್ನೂ ಸುರಕ್ಷತಾ ಸ್ವಿಚ್ಚುಗಳನ್ನೂ ಪರೀಕ್ಷಿಸಬೇಕು. ಸೀಟಿನ ಕೆಳಗೆ, ಬ್ರೇಕ್ ಪೆಡಲಿನ ಬಳಿ ಮತ್ತು ಬ್ಲೇಡಿನ ಹಿಡಿಕೆಯಲ್ಲಿ ಈ ಸ್ವಿಚ್ಚುಗಳಿರುತ್ತವೆ. ಕೆಟ್ಟ ಸ್ವಿಚ್ಚನ್ನು ಬದಲಿಸದೆ ತಂತಿಗಳನ್ನು ನೇರವಾಗಿ ಜೋಡಿಸಿಬಿಡುವುದು ಅತ್ಯಂತ ಅಪಾಯಕಾರಿ. ಅಂತಹ ಯಂತ್ರದಿಂದ ಚಾಲಕ ಜಾರಿಬಿದ್ದರೂ ಬ್ಲೇಡು ತಿರುಗುತ್ತಲೇ ಇರುತ್ತದೆ.

ಒಂದೇ ಸಂಖ್ಯೆ, ಬೇರೆ ಅಳತೆ

ಹೆಚ್ಚಿನ ದುರಸ್ತಿ ಬರುವುದು ಡೆಕ್ಕಿನಲ್ಲಿ. ಬ್ಲೇಡನ್ನು ಹೊತ್ತ ಸ್ಪಿಂಡಲ್, ಅದರ ಬೇರಿಂಗುಗಳು, ಅದನ್ನು ತಿರುಗಿಸುವ ಬೆಲ್ಟು, ಇವುಗಳ ಅಳತೆಯಲ್ಲಿ ಇಂಚು ಮತ್ತು ಮಿಲಿಮೀಟರುಗಳ ಗೊಂದಲ ಎದುರಾಗುತ್ತದೆ. ಹಲವು ಯಂತ್ರಗಳಲ್ಲಿ 6203 ಸಂಖ್ಯೆಯ ಬೇರಿಂಗ್ ಇದೆ. ಬೇರಿಂಗ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 6203ರ ಹೊರವ್ಯಾಸ 40 ಮಿ.ಮೀ., ಒಳವ್ಯಾಸ 17 ಮಿ.ಮೀ. ಅಮೆರಿಕದ ಕೆಲವು ಯಂತ್ರಗಳಲ್ಲಿ ಅದೇ ಸಂಖ್ಯೆಯ, ಅದೇ ಹೊರವ್ಯಾಸದ, ಆದರೆ 5/8 ಇಂಚು, ಎಂದರೆ 15.875 ಮಿ.ಮೀ. ಒಳವ್ಯಾಸದ ಬೇರಿಂಗ್ ಇರುತ್ತದೆ. ಹೌಸಿಂಗಿನಲ್ಲಿ ಸರಿಯಾಗಿ ಕೂರುವ ಸಾಮಾನ್ಯ ಬೇರಿಂಗು ಶಾಫ್ಟಿನ ಮೇಲೆ ಸಡಿಲವಾಗುತ್ತದೆ. ನಡುವೆ ತಗಡಿನ ಚೂರು ತುರುಕಿ ಜೋಡಿಸಿದರೆ ಬ್ಲೇಡು ಅದುರಿ, ಬೇರಿಂಗಿನೊಂದಿಗೆ ಶಾಫ್ಟೂ ಹಾಳಾಗುತ್ತದೆ. ಆಗ ಕೆಲವೇ ನೂರು ರೂಪಾಯಿಗಳ ದುರಸ್ತಿಗೆ ಬದಲಾಗಿ ಇಡೀ ಸ್ಪಿಂಡಲನ್ನೇ ಆಮದು ಮಾಡಿಕೊಳ್ಳಬೇಕಾಗುತ್ತದೆ.

ಬೋಲ್ಟುಗಳಿಗೂ ಇದೇ ಮಾತು. 3/8 ಇಂಚಿನ ಬೋಲ್ಟಿನ ವ್ಯಾಸ 9.525 ಮಿ.ಮೀ.; ಅದರ ರಂಧ್ರಕ್ಕೆ 10 ಮಿ.ಮೀ. ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಹೌಸಿಂಗಿನ ಮರೆ ಕಿತ್ತುಬರುತ್ತದೆ.

ಬೆಲ್ಟಿನ ವಿಷಯ ಇನ್ನೂ ಸೂಕ್ಷ್ಮವಾದುದು. ಹಳೆಯ ಬೆಲ್ಟಿನ ಮೇಲೆ 5ಎಲ್590 ಎಂದಿದ್ದರೆ ಅದರ ಹೊರಸುತ್ತಳತೆ 59 ಇಂಚು. ಇಲ್ಲಿನ ವ್ಯಾಪಾರದಲ್ಲಿ ರೂಢಿಯಲ್ಲಿರುವ ಬಿ ಸೆಕ್ಷನ್ ಬೆಲ್ಟಿನ ಸಂಖ್ಯೆ ಒಳಸುತ್ತಳತೆಯನ್ನು ಸೂಚಿಸುತ್ತದೆ; ಒಳ ಮತ್ತು ಹೊರ ಅಳತೆಗಳ ಅಂತರ ಸುಮಾರು 3 ಇಂಚು. ಆದಕಾರಣ ಅದಕ್ಕೆ ಸಮನಾದದ್ದು ಬಿ-56, ಬಿ-59 ಅಲ್ಲ. ಅಳತೆ ಹೊಂದಿದರೂ ಬಾಳಿಕೆ ಹೊಂದುವುದೆಂಬ ಭರವಸೆಯಿಲ್ಲ. ಮೋವರಿನ ಬೆಲ್ಟು ಬೆನ್ನ ಕಡೆಗೂ ಬಾಗಿ ಐಡ್ಲರ್ ಪುಲ್ಲಿಯನ್ನು ಸುತ್ತಬೇಕು. ಹಲವು ಮಾದರಿಗಳಲ್ಲಿ ಕ್ಲಚ್ಚಿನಂತೆ ಸಡಿಲಗೊಂಡು ಮತ್ತೆ ಬಿಗಿಯಬೇಕು. ಅದಕ್ಕಾಗಿಯೇ ಅದರೊಳಗೆ ಅರಾಮಿಡ್ ನೂಲು ಇರುತ್ತದೆ. ಹಿಟ್ಟಿನ ಗಿರಣಿಗೆ ಹಾಕುವ ಸಾಧಾರಣ ಬೆಲ್ಟು ಇಲ್ಲಿ ಬೇಗನೆ ಸುಟ್ಟುಹೋಗುತ್ತದೆ.

ಗೇರ್ ಇಲ್ಲದೆ ಎಣ್ಣೆಯ ಒತ್ತಡದಿಂದ ಚಲಿಸುವ ಹೈಡ್ರೋಸ್ಟ್ಯಾಟಿಕ್ ಯಂತ್ರಗಳ ಪೈಕಿ ಅಗ್ಗದವುಗಳಲ್ಲಿ ಎಣ್ಣೆ ಬದಲಿಸುವ ತಿರುಪೇ ಇರುವುದಿಲ್ಲ. ಅವು ಸಮತಟ್ಟಾದ ಅಂಗಳಕ್ಕೆಂದು ರೂಪುಗೊಂಡವು. ಕೊಡಗು, ಚಿಕ್ಕಮಗಳೂರಿನ ಇಳಿಜಾರುಗಳಲ್ಲಿ ಎಣ್ಣೆ ಕಾದು, ಯಂತ್ರವು ಏರು ಹತ್ತದಂತಾಗುತ್ತದೆ. ಹಲವು ಕೈಪಿಡಿಗಳು ಹೇಳುವ ಮಿತಿ 15 ಡಿಗ್ರಿ, ಎಂದರೆ 100 ಅಡಿಗೆ ಸುಮಾರು 27 ಅಡಿ ಏರು. ಅದನ್ನು ಮೀರಿದರೆ ಯಂತ್ರ ಮಗುಚುವ ಭಯವೂ ಇದೆ.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ಸ್ಪಿಂಡಲ್ ಶಾಫ್ಟ್, ಪುಲ್ಲಿ, ಬುಷ್‌ಗಳು ಪೀಣ್ಯ, ಹುಬ್ಬಳ್ಳಿ ಅಥವಾ ಬೆಳಗಾವಿಯ ಯಾವುದೇ ಸುಸಜ್ಜಿತ ಯಂತ್ರಾಗಾರದ ಸಾಮರ್ಥ್ಯಕ್ಕೆ ಮೀರಿದ ವಸ್ತುಗಳಲ್ಲ. ಶಾಫ್ಟನ್ನು 17 ಮಿ.ಮೀ.ಗೆ ಹೊಸದಾಗಿ ತಯಾರಿಸಿಕೊಟ್ಟರೆ ಸ್ಥಳೀಯ ಬೇರಿಂಗನ್ನೇ ಮುಂದೆ ಸದಾ ಬಳಸಬಹುದು. ಗ್ರಾಹಕನಿಗೆ ಇದು ದೊಡ್ಡ ಉಪಕಾರ. ಆದರೆ ಬ್ಲೇಡಿನ ತಯಾರಿಕೆಗೆ ಹಗುರವಾಗಿ ಕೈಹಾಕಬಾರದು. ಅಮೆರಿಕದ ಮಾನಕವು ಬ್ಲೇಡಿನ ತುದಿಗೆ ವಿಧಿಸುವ ವೇಗಮಿತಿ ನಿಮಿಷಕ್ಕೆ 19,000 ಅಡಿ, ಅಂದರೆ ಗಂಟೆಗೆ ಸುಮಾರು 350 ಕಿ.ಮೀ. ಆ ವೇಗದಲ್ಲಿ ಕಲ್ಲಿಗೆ ಬಡಿದಾಗ, ಸರಿಯಾದ ಹದ ಕಾಣದ ಉಕ್ಕು ಸಿಡಿದು ಚೂರಾಗಬಹುದು. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ ಬಡಿದು ಮಾಡಿದ ಬ್ಲೇಡನ್ನು ಯಾವ ಬೆಲೆಗೂ ಮಾರಕೂಡದು.

ಆಮದು ಮಾಡುವವರು ವರ್ಗೀಕರಣವನ್ನೂ ಗಮನಿಸಬೇಕು. ಮೋವರು ಮತ್ತು ಅದರ ವಿಶಿಷ್ಟ ಭಾಗಗಳು 8433ರಡಿ ಬರುತ್ತವೆ. ಬೇರಿಂಗು 8482ರಲ್ಲಿ, ರಬ್ಬರಿನ ಬೆಲ್ಟು 4010ರಲ್ಲಿ. ಎಲ್ಲವನ್ನೂ ಒಂದೇ ಶೀರ್ಷಿಕೆಯಡಿ ತೋರಿಸಿದರೆ ತಕರಾರು ಬರುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲನ್ನು ಆರಂಭಿಸಿತು. ಅದಕ್ಕೆ ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಸೇರಿದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಖರೀದಿದಾರನನ್ನು ಗ್ರಾಹಕನ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ, ಕಾರ್ಖಾನೆ ಅಥವಾ ರೆಸಾರ್ಟಿನ ದೂರಿಗೆ ಆ ಆಕ್ಷೇಪ ಎದುರಾಗಬಹುದು. ಹೀಗಾಗಿ ಖರೀದಿ ಆದೇಶದಲ್ಲೇ ಕೆಲವು ಷರತ್ತುಗಳನ್ನು ಸೇರಿಸುವುದು ಕ್ಷೇಮ: ಭಾಗಗಳ ಸಂಖ್ಯೆಯಿರುವ ಪೂರ್ಣ ಚಿತ್ರಪಟ್ಟಿ, ಇಷ್ಟು ವರ್ಷ ಬಿಡಿಭಾಗ ಒದಗಿಸುವ ಒಪ್ಪಿಗೆ, ಯಂತ್ರದೊಡನೆಯೇ ಎರಡು ಬೆಲ್ಟು, ಒಂದು ಸ್ಪಿಂಡಲ್, ಒಂದು ಜೊತೆ ಬ್ಲೇಡು. ಇವುಗಳನ್ನು ಕೊಡಲು ಹಿಂದೆಮುಂದೆ ನೋಡುವ ಮಾರಾಟಗಾರನ ಬಳಿ ಮೂರನೆಯ ವರ್ಷದಲ್ಲಿ ಬೆಲ್ಟು ಸಿಗುವ ಸಂಭವ ಕಡಿಮೆ.