ಬಾನುಲಿಯ ಒಡೆತನ ಮತ್ತು ಕನ್ನಡದ ಒಳನುಡಿಗಳು: ಹಾವೇರಿ ಸೀಮೆಯ ಹಿನ್ನೆಲೆಯಲ್ಲಿ

ಬಾನುಲಿಯ ಭಾಷೆಯನ್ನು ಕುರಿತು ಚರ್ಚಿಸುವಾಗ ನಾವು ಸಾಮಾನ್ಯವಾಗಿ ಉಚ್ಚಾರಣೆ, ಶುದ್ಧಿ, ಶೈಲಿಗಳ ಬಗೆಗೆ ಮಾತನಾಡುತ್ತೇವೆ. ಪ್ರೇಷಕದ ಒಡೆಯರು ಯಾರು ಎಂಬುದು ಭಾಷಾಧ್ಯಯನದ ಪ್ರಶ್ನೆಯೂ ಹೌದೆಂಬುದನ್ನು ಗಮನಿಸಬೇಕಾಗಿದೆ.

ಕನ್ನಡ ನಾಡಿನ ಮೊದಲ ಬಾನುಲಿಯ ಚರಿತ್ರೆಯೇ ಒಡೆತನದ ಚರಿತ್ರೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಆರಂಭಿಸಿದ ನಿಲಯವು ಮುಂದೆ ಸಂಸ್ಥಾನದ ಆಡಳಿತಕ್ಕೂ, ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರಕ್ಕೂ ಸೇರಿ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಮತ್ತೆ ನಿಲಯ ದೊರೆತದ್ದು 1974ರಲ್ಲಿ.

1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕೇಳುಗರಿಗೆ ಬಾನುಲಿಯೆಂದರೆ 1950ರ ಜನವರಿ 8ರಂದು ಆರಂಭವಾದ ಧಾರವಾಡ ನಿಲಯವೇ. ಮಧ್ಯಮ ತರಂಗವು ನೆಲವನ್ನು ಅನುಸರಿಸಿ ದೂರ ಸಾಗುತ್ತದೆ, ಎಫ್.ಎಂ. ತರಂಗ ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೆ ಸೀಮಿತ. ಆದ್ದರಿಂದ ಎಫ್.ಎಂ. ಯುಗದಲ್ಲಿ ತಾಲ್ಲೂಕಿಗೊಂದು ಮರುಪ್ರಸಾರ ಕೇಂದ್ರದ ಮಾತು ಬರುತ್ತದೆ. 2023ರಲ್ಲಿ 100 ವ್ಯಾಟ್ ಸಾಮರ್ಥ್ಯದ 91 ಪ್ರೇಷಕಗಳು ದೇಶದಲ್ಲಿ ಒಂದೇ ದಿನ ಉದ್ಘಾಟನೆಗೊಂಡವು. ಮರುಪ್ರಸಾರ ಕೇಂದ್ರದಲ್ಲಿ ಗೋಪುರವಿರುತ್ತದೆ, ಯಂತ್ರವಿರುತ್ತದೆ. ಸ್ಟುಡಿಯೋ ಇರುವುದಿಲ್ಲ, ಉದ್ಘೋಷಕರಿರುವುದಿಲ್ಲ. ಅಲ್ಲಿ ಊರಿನ ನುಡಿ ಹುಟ್ಟುವುದಿಲ್ಲ.

ಈ ನಷ್ಟ ಸಣ್ಣದಲ್ಲ. ಹಾನಗಲ್ಲಿನ ಮಾತು ಸೊರಬ, ಶಿರಸಿಗಳ ಮಲೆನಾಡಿನ ಸೆರಗಿಗೆ ತಾಗಿಕೊಂಡಿದೆ. ಹಿರೇಕೆರೂರಿನದು ಶಿಕಾರಿಪುರದ ಕಡೆಗೆ ವಾಲುತ್ತದೆ. ನವಾಬರ ಸವಣೂರಿನಲ್ಲಿ ಉರ್ದುವಿನ ನೆರೆಯಿದೆ. ಇವೆಲ್ಲವನ್ನೂ ‘ಧಾರವಾಡ ಕನ್ನಡ’ ಎಂಬ ಒಂದೇ ಹೆಸರಿನಿಂದ ಕರೆದುಬಿಡುವ ಅಭ್ಯಾಸಕ್ಕೆ ಬಾನುಲಿಯೂ ಕಾರಣವೆಂದು ನನಗೆ ತೋರುತ್ತದೆ. ಸರ್ವಜ್ಞನ ಅಬಲೂರು, ಶರೀಫರ ಶಿಶುನಾಳ ಇದೇ ಸೀಮೆಯವು ಎಂಬುದನ್ನು ಇಲ್ಲಿ ನೆನೆಯಬಹುದು.

ತರಂಗಾಂತರಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. 2006ರ ಸಮುದಾಯ ಬಾನುಲಿ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ನೀಡಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನ ನಿಲಯವನ್ನು ಆರಂಭಿಸಿತು. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿಯೇ ಸಿದ್ಧವಾಗಬೇಕೆಂಬ ನಿಯಮ ಒಳನುಡಿಗಳ ದೃಷ್ಟಿಯಿಂದ ಮಹತ್ವದ್ದು. ಆದರೆ ಪರವಾನಗಿಯನ್ನು ಬೇರೊಬ್ಬರಿಗೆ ವರ್ಗಾಯಿಸುವಂತಿಲ್ಲ. ನಡೆಸುವ ಸಂಸ್ಥೆ ಸೊರಗಿದರೆ ಕೇಳುಗರು ಮುಂದೆ ಬಂದರೂ ನಿಲಯವನ್ನು ಹಾಗೆಯೇ ವಹಿಸಿಕೊಳ್ಳಲಾರರು. ಜಾಹೀರಾತಿನ ಅವಧಿಯನ್ನು 2024ರಲ್ಲಿ ಗಂಟೆಗೆ 12 ನಿಮಿಷಕ್ಕೆ ಏರಿಸಲಾಯಿತು. ಸಂತೆಯೂರಿನ ಕಿರಾಣಿ ಅಂಗಡಿ, ಬೀಜ-ಗೊಬ್ಬರದ ಮಳಿಗೆಗಳು ಆ ನಿಮಿಷಗಳನ್ನು ಎಷ್ಟರಮಟ್ಟಿಗೆ ತುಂಬಿಯಾವು?

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಯ ಒಡೆತನ ಈ ಆತಂಕವನ್ನು ಕಡಿಮೆ ಮಾಡಬಲ್ಲದು. ಆದರೆ 100 ವ್ಯಾಟ್‌ನ ನಿಲಯದ ಧ್ವನಿ ತಲುಪುವುದು ಹತ್ತು ಹದಿನೈದು ಕಿಲೋಮೀಟರ್ ಮಾತ್ರ. ಹಿರೇಕೆರೂರಿಗೆ ಬೇರೆಯದೇ ಒಡೆಯ ಬೇಕಾಗುತ್ತದೆ.